ಲೇಸರ್ ವೇಗಮಾಪಕ ಮತ್ತು ಇಯುವಿ ಕನ್ನಡಿ: ಸಂಕೇತ ಕುಸಿದಾಗ ದೋಷ ಹುಡುಕುವ ಕ್ರಮ

ಹುಬ್ಬಳ್ಳಿ–ಧಾರವಾಡದ ಕಾಲೇಜು, ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ಲೇಸರ್ ವೇಗಮಾಪಕವನ್ನು, ಅಂದರೆ ಚಲಿಸುವ ವಸ್ತುವಿನಿಂದ (ಗುರಿಯಿಂದ) ಮರಳಿದ ಲೇಸರ್ ಬೆಳಕಿನಿಂದ ಅದರ ವೇಗ ಅಳೆಯುವ ಉಪಕರಣವನ್ನು, ಮೇಜಿನ ಮೇಲೆ ಜೋಡಿಸಿಕೊಂಡು ಕೆಲಸ ಮಾಡುವವರಿಗಾಗಿ ಮತ್ತು ತೀವ್ರ ನೇರಳಾತೀತ ಬೆಳಕಿಗೆ, ಅಂದರೆ ಇಯುವಿಗೆ, ಬಹುಪದರ ಕನ್ನಡಿಗಳನ್ನು ಲೇಪಿಸುವ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಈ ಬರಹ. ಎರಡೂ ಬೇರೆ ಬೇರೆ ವಿಷಯಗಳಂತೆ ತೋರಿದರೂ ಚಿಪ್ ತಯಾರಿಕೆಯ ಇಯುವಿ ಯಂತ್ರದಲ್ಲಿ ಅವು ಒಂದೆಡೆ ಸೇರುತ್ತವೆ. ಅಲ್ಲಿ ಸೆಕೆಂಡಿಗೆ ಸುಮಾರು 50,000 ತವರದ ಹನಿಗಳು ನಿರ್ವಾತದಲ್ಲಿ ಹಾರಿ ಬರುತ್ತವೆ. ಅವು ಬರುವ ಸಮಯವನ್ನೂ ವೇಗವನ್ನೂ ಸಣ್ಣ ಲೇಸರ್ ಕಿರಣಗಳು ಗ್ರಹಿಸಿ ಕೊಟ್ಟ ಮೇಲೆಯೇ ದೊಡ್ಡ ಇಂಗಾಲದ ಡೈಆಕ್ಸೈಡ್ ಲೇಸರ್ ಹನಿಗೆ ಹೊಡೆಯುತ್ತದೆ. ಆ ಲೆಕ್ಕ ತಪ್ಪಿದರೆ ಬೆಳಕು ಕಡಿಮೆಯಾಗುವುದಷ್ಟೇ ಆಗದೆ, ಸರಿಯಾಗಿ ಆವಿಯಾಗದ ತವರ ಎದುರಿನ ಕನ್ನಡಿಯ ಮೇಲೆ ಕೂರುತ್ತದೆ.

ನಮ್ಮ ಪ್ರಯೋಗಾಲಯಗಳ ಉಪಕರಣಗಳು ಅಷ್ಟು ದೊಡ್ಡವಲ್ಲದಿದ್ದರೂ ದೋಷ ಹುಡುಕುವ ಕ್ರಮ ಒಂದೇ: ಮೊದಲು ಬೆಳಕಿನ ದಾರಿ, ಆಮೇಲೆ ಬೆಳಕು ತಾಗುವ ಮೇಲ್ಮೈ, ಕೊನೆಗೆ ಎಲೆಕ್ಟ್ರಾನಿಕ್ಸ್. ದೋಷ ಎಲ್ಲಿದೆ ಎಂದು ತಿಳಿಯುವ ಮೊದಲೇ ಕನ್ನಡಿ ಒರೆಸುವುದು, ಲೇಸರ್ ಬಿಚ್ಚುವುದು, ಎಲ್ಲ ತಿರುಪುಗಳನ್ನೂ ಒಮ್ಮೆಗೇ ತಿರುಗಿಸುವುದು ಇವೆಲ್ಲ ಒಂದು ದೋಷವಿದ್ದಲ್ಲಿ ಮೂರನ್ನು ಮಾಡುವ ದಾರಿಗಳು.

ಕೈ ಹಾಕುವ ಮುನ್ನ

ಲೇಸರ್ ಕಿರಣವನ್ನು, ಅದು ಕನ್ನಡಿಯಿಂದ ಬಂದ ಪ್ರತಿಫಲನವಾಗಿದ್ದರೂ, ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಬಾರದು. ಕಿರಣ ಎಲ್ಲಿದೆ ಎಂಬುದನ್ನು ಬಿಳಿ ಕಾರ್ಡು ಹಿಡಿದು ಹುಡುಕಬೇಕು. ಕೈಗಡಿಯಾರ, ಬಳೆ, ಉಂಗುರಗಳನ್ನು ತೆಗೆದಿಡಬೇಕು. ಅಗ್ಗದ ಹಸಿರು ಲೇಸರ್ ಪಾಯಿಂಟರ್‌ಗಳ ಬಗ್ಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ಅವುಗಳಲ್ಲಿ 1064 ನ್ಯಾನೋಮೀಟರಿನ ಅವಗೆಂಪು ಬೆಳಕಿನಿಂದ 532 ನ್ಯಾನೋಮೀಟರಿನ ಹಸಿರನ್ನು ಪಡೆಯಲಾಗುತ್ತದೆ ಮತ್ತು ಸೋಸುವ ಗಾಜು ಇಲ್ಲದಿದ್ದರೆ ಕಣ್ಣಿಗೆ ಕಾಣದ ಆ ಅವಗೆಂಪು ಕಿರಣವೂ ಜೊತೆಗೇ ಹೊರಬರುತ್ತದೆ. ಹೀಲಿಯಮ್–ನಿಯಾನ್ ಲೇಸರಿನ ಕೊಳವೆ ಹೊತ್ತಿಕೊಳ್ಳಲು ಹತ್ತು ಸಾವಿರ ವೋಲ್ಟಿನ ಆಸುಪಾಸು, ಉರಿಯುತ್ತಿರಲು ಸಾವಿರಕ್ಕಿಂತ ಹೆಚ್ಚು ವೋಲ್ಟ್ ಬೇಕು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುವುದರಿಂದ ಅದರ ಪೆಟ್ಟಿಗೆಯನ್ನು ಬಿಚ್ಚುವ ಕೆಲಸ ಈ ಕೈಪಿಡಿಯಲ್ಲಿಲ್ಲ.

ಲಕ್ಷಣ: ಗುರಿ ಚಲಿಸುತ್ತಿದೆ, ಆಸಿಲೋಸ್ಕೋಪಿನ ಗೆರೆ ಮಾತ್ರ ಸಪಾಟಾಗಿದೆ

ಮೊದಲು ಕಾರ್ಡಿನಿಂದ ಫೋಟೋಡಯೋಡನ್ನು, ಅಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಬಿಡಿಭಾಗವನ್ನು, ಮುಚ್ಚಿ ತೆರೆಯಬೇಕು. ಈ ಪರೀಕ್ಷೆಗೆ ಖರ್ಚೇನೂ ಇಲ್ಲ. ಗೆರೆ ಮೇಲೆ ಕೆಳಗೆ ಸರಿಯದಿದ್ದರೆ ಬೆಳಕು ಡಯೋಡಿಗೆ ತಲುಪುತ್ತಿಲ್ಲ, ಇಲ್ಲವೇ ಡಯೋಡಿನ ಬ್ಯಾಟರಿ ಇಳಿದಿದೆ, ಇಲ್ಲವೇ ಆಸಿಲೋಸ್ಕೋಪು ಎಸಿ ಕಪ್ಲಿಂಗಿನಲ್ಲಿದ್ದು ನಿಧಾನ ಬದಲಾವಣೆಯನ್ನು ಮರೆಮಾಡುತ್ತಿದೆ. ಗೆರೆ ಮೇಲೆ ಹೋಗಿ ಅಲ್ಲೇ ಅಂಟಿಕೊಂಡು ನಿಂತರೆ ಡಯೋಡಿಗೆ ಅತಿಯಾದ ಬೆಳಕು ಬೀಳುತ್ತಿದೆ ಎಂದರ್ಥ. ಆಗ ನಡುವೆ ಮಬ್ಬುಗಾಜನ್ನು ಇಟ್ಟು ಬೆಳಕನ್ನು ತಗ್ಗಿಸಬೇಕು.

ಡಯೋಡು ಸರಿಯಿದ್ದರೆ ಎರಡು ದಾರಿಗಳನ್ನು ಒಂದೊಂದಾಗಿ ಮುಚ್ಚಿ ನೋಡಬೇಕು. ವೇಗಮಾಪಕ ಕೆಲಸ ಮಾಡುವುದು ಗುರಿಯಿಂದ ಮರಳಿದ ಬೆಳಕು ಮತ್ತು ಅದೇ ಲೇಸರಿನಿಂದ ಬೇರ್ಪಡಿಸಿ ಗುರಿಗೆ ಕಳಿಸದೆ ಉಳಿಸಿಕೊಂಡ ಆಧಾರ ಕಿರಣ ಡಯೋಡಿನ ಮೇಲೆ ಒಂದೇ ಜಾಗದಲ್ಲಿ, ಒಂದೇ ದಿಕ್ಕಿನಲ್ಲಿ ಬಂದು ವ್ಯತಿಕರಿಸಿದಾಗ. ಎರಡೂ ಬೇರೆ ಬೇರೆಯಾಗಿ ಡಯೋಡನ್ನು ಮುಟ್ಟುತ್ತಿದ್ದರೂ ಅವುಗಳ ನಡುವೆ ಸಣ್ಣ ಕೋನ ಉಳಿದಿದ್ದರೆ ಡಯೋಡಿನ ಮುಖದ ಮೇಲೆ ಬೆಳಕು ಕತ್ತಲಿನ ಅನೇಕ ಪಟ್ಟಿಗಳು ಒಮ್ಮೆಲೇ ಬಿದ್ದು, ಬೆಳಕು ಸರಾಸರಿಯಾಗಿ, ಸಂಕೇತ ಇಲ್ಲದಂತಾಗುತ್ತದೆ. ಡಯೋಡನ್ನು ತೆಗೆದು ಅದರ ಜಾಗದಲ್ಲಿ ಮಸೂರವಿಟ್ಟು ಬೆಳಕನ್ನು ಗೋಡೆಯ ಮೇಲೆ ಹಿಗ್ಗಿಸಿ ನೋಡಿದರೆ ಪಟ್ಟಿಗಳು ಕಣ್ಣಿಗೇ ಕಾಣುತ್ತವೆ. ಪಟ್ಟಿಗಳು ಅಗಲವಾಗುತ್ತ ಒಂದೇ ಮಚ್ಚೆಯಾಗುವವರೆಗೆ ಒಂದೇ ಒಂದು ಕನ್ನಡಿಯ ತಿರುಪನ್ನು ತಿರುಗಿಸಬೇಕು.

ಲಕ್ಷಣ: ಗುರಿ ನಿಂತಿದೆ, ಸಂಕೇತ ಕುಣಿಯುತ್ತಿದೆ

ಆಸಿಲೋಸ್ಕೋಪಿನಲ್ಲಿ ಆವೃತ್ತಿಯನ್ನು ಓದಿದರೆ ಅರ್ಧ ಉತ್ತರ ಸಿಗುತ್ತದೆ. 100 ಹರ್ಟ್ಸ್ ಇದ್ದರೆ ಅದು ಕೋಣೆಯ ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ದೀಪ, ಏಕೆಂದರೆ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪದ ಬೆಳಕು ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತದೆ; ದೀಪ ಆರಿಸಿ ನೋಡಿದರೆ ಸಾಕು. 50 ಹರ್ಟ್ಸ್ ಇದ್ದು ದೀಪ ಆರಿಸಿದರೂ, ಲೇಸರ್ ಮುಚ್ಚಿದರೂ ಹೋಗದಿದ್ದರೆ ಅರ್ಥಿಂಗ್ ನೋಡಬೇಕು. ಒಂದೇ ಮೇಜಿನ ಉಪಕರಣಗಳನ್ನು ಬೇರೆ ಬೇರೆ ಗೋಡೆಗಳ ಸಾಕೆಟ್‌ಗಳಿಗೆ ಸಿಕ್ಕಿಸಿದ್ದರೆ ಎಲ್ಲವನ್ನೂ ಒಂದೇ ಬೋರ್ಡಿಗೆ ತರಬೇಕು. ಹಾಗೆ ಮಾಡಿದ ಮೇಲೂ ಮೇಜು ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಅವರನ್ನು ಕರೆಸಬೇಕು.

ಲೇಸರನ್ನು ಮುಚ್ಚಿದಾಗ ಕುಣಿತ ನಿಂತು ತೆರೆದಾಗ ಮರಳಿದರೆ ಆ ಚಲನೆ ನಿಜವಾದದ್ದೇ. 632.8 ನ್ಯಾನೋಮೀಟರಿನ ಲೇಸರಿನಲ್ಲಿ ಗುರಿ 316.4 ನ್ಯಾನೋಮೀಟರ್ ಸರಿದರೆ ಒಂದು ಪೂರ್ತಿ ಪಟ್ಟಿ ದಾಟಿಹೋಗುತ್ತದೆ. ಆದ್ದರಿಂದ ಮೇಲಿನ ಫ್ಯಾನು, ಕಾರಿಡಾರಿನಲ್ಲಿ ನಡೆದುಹೋದವರು, ಹತ್ತಿರದ ರಸ್ತೆಯಲ್ಲಿ ಸಾಗಿದ ಬಸ್ಸು ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ರೈಲುಮಾರ್ಗದ ಬಳಿಯಿರುವ ಕಟ್ಟಡಗಳಲ್ಲಿ ಮೇಜಿನ ಕಾಲುಗಳ ಕೆಳಗೆ ರಬ್ಬರ್ ಹಾಳೆ, ಮೇಲೆ ಭಾರದ ಕಡಪಾ ಕಲ್ಲು, ನೆಲಮಹಡಿಯ ಕೋಣೆ, ಈ ಮೂರೂ ದುಬಾರಿ ಮೇಜಿಗಿಂತ ಮೊದಲು ಪ್ರಯತ್ನಿಸಬೇಕಾದವು. ನಿಧಾನವಾಗಿ ಅಲೆಯುವ ಸಂಕೇತವಿದ್ದರೆ ಗಾಳಿಯ ಚಲನೆಯನ್ನು ಅನುಮಾನಿಸಿ, ಕಿರಣದ ದಾರಿಗೆ ರಟ್ಟಿನ ಕೊಳವೆ ಹಾಕಿ ನೋಡಬೇಕು.

ಲಕ್ಷಣ: ಸಂಕೇತ ಬರುತ್ತದೆ, ಮಾಯವಾಗುತ್ತದೆ, ಮತ್ತೆ ಬರುತ್ತದೆ

ಅತಿ ಹೆಚ್ಚು ಸಮಯ ತಿನ್ನುವ ಲಕ್ಷಣ ಇದು, ಏಕೆಂದರೆ ಒಂದೇ ರೂಪದಲ್ಲಿ ಮೂರು ಬೇರೆ ಬೇರೆ ಕಾರಣಗಳು ತೋರಿಕೊಳ್ಳುತ್ತವೆ. ಅವುಗಳನ್ನು ಬೇರ್ಪಡಿಸಲು ಸಂಕೇತ ಯಾವ ಲಯದಲ್ಲಿ ಹೋಗಿ ಬರುತ್ತದೆ ಎಂಬುದನ್ನು ಗಡಿಯಾರ ಹಿಡಿದು ಬರೆದುಕೊಳ್ಳಬೇಕು.

ಲೇಸರ್ ಹೊತ್ತಿಸಿದ ಆರಂಭದಲ್ಲಿ ಬೇಗ ಬೇಗ, ಬರಬರುತ್ತ ನಿಧಾನವಾಗಿ ಮಂಕಾಗಿ ಮರಳುವ ಸಂಕೇತವಿದ್ದರೆ ಕಾರಣ ಹೀಲಿಯಮ್–ನಿಯಾನ್ ಕೊಳವೆಯ ಕಾವು. ಕೊಳವೆ ಕಾದು ಹಿಗ್ಗುವಾಗ ಅದರೊಳಗಿನ, ತುಸು ಬೇರೆ ಬೇರೆ ಆವೃತ್ತಿಯ ಬೆಳಕಿನ ಎರಡು ಮೂರು ಮೋಡ್‌ಗಳು ಒಂದಾದ ಮೇಲೊಂದು ಬಲಗೊಳ್ಳುತ್ತವೆ, ಕುಗ್ಗುತ್ತವೆ. ಮೂವತ್ತು ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಈ ಮೋಡ್‌ಗಳ ನಡುವಿನ ಅಂತರ ಸುಮಾರು 500 ಮೆಗಾಹರ್ಟ್ಸ್. ಆಧಾರ ಕಿರಣ ಮತ್ತು ಗುರಿ ಕಿರಣಗಳು ಹೋಗಿ ಬರುವ ದಾರಿಗಳ ವ್ಯತ್ಯಾಸ ಕೊಳವೆಯ ಉದ್ದದಷ್ಟೇ, ಅಂದರೆ ಮೂವತ್ತು ಸೆಂಟಿಮೀಟರ್ ಇದ್ದರೆ, ಎರಡು ಮೋಡ್‌ಗಳು ಸಮಬಲವಾದ ಕ್ಷಣದಲ್ಲಿ ಒಂದರ ಪಟ್ಟಿಯ ಬೆಳಕು ಇನ್ನೊಂದರ ಪಟ್ಟಿಯ ಕತ್ತಲ ಮೇಲೆ ಬಿದ್ದು ಸಂಕೇತವೇ ಅಳಿಸಿಹೋಗುತ್ತದೆ. ವ್ಯತ್ಯಾಸ ಸೊನ್ನೆಯ ಹತ್ತಿರವೋ ಕೊಳವೆಯ ಉದ್ದದ ಎರಡರಷ್ಟೋ ಇದ್ದರೆ ಈ ಅಳಿಸುವಿಕೆ ಇರುವುದಿಲ್ಲ. ಆದ್ದರಿಂದ ಹೊಸ ಲೇಸರಿಗೆ ಕೊಟೇಶನ್ ಕೇಳುವ ಮೊದಲು ಅಳತೆಪಟ್ಟಿ ಹಿಡಿದು ಎರಡೂ ದಾರಿಗಳನ್ನು ಅಳೆದು, ಆಧಾರ ಕನ್ನಡಿಯನ್ನು ಸರಿಸಿ, ಲೇಸರನ್ನು ಅರ್ಧ ಗಂಟೆ ಕಾಯಲು ಬಿಡಬೇಕು. ಈ ಸರಳ ಅಳತೆಯನ್ನು ಪ್ರಯೋಗದ ಪುಸ್ತಕಗಳಲ್ಲಿ ಇನ್ನಷ್ಟು ಒತ್ತಿ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಗುರಿ ಪಕ್ಕಕ್ಕೆ ಸರಿದಾಗ ಅಥವಾ ತಿರುಗಿದಾಗ ಮಾತ್ರ ಸಂಕೇತ ಹೋದರೆ ಕಾರಣ ಸ್ಪೆಕಲ್. ಒರಟು ಮೇಲ್ಮೈಯಿಂದ ಚದುರಿದ ಲೇಸರ್ ಬೆಳಕು ಕಪ್ಪು ಬಿಳುಪು ಚುಕ್ಕೆಗಳಾಗಿ ಮರಳುತ್ತದೆ. ಕಪ್ಪು ಚುಕ್ಕೆ ಡಯೋಡಿನ ಮೇಲೆ ಬಂದ ಕ್ಷಣದಲ್ಲಿ ಸಂಕೇತವಿಲ್ಲ, ಲೆಕ್ಕ ಹಾಕುವ ಸರ್ಕೀಟು ಆಗ ಇಲ್ಲದ ವೇಗದ ಮುಳ್ಳನ್ನು ತೋರಿಸುತ್ತದೆ. ತಿರುಗುವ ಚಕ್ರದಲ್ಲಿ ಅದೇ ಚುಕ್ಕೆಗಳು ಪ್ರತಿ ಸುತ್ತಿಗೂ ಮರಳುವುದರಿಂದ ಈ ಮುಳ್ಳುಗಳು ಸುತ್ತಿನ ಆವೃತ್ತಿಯಲ್ಲೇ ಸಾಲಾಗಿ ಬಂದು ನಿಜವಾದ ಕಂಪನದಂತೆ ಕಾಣುತ್ತವೆ. ಕಿರಣ ಬೀಳುವ ಜಾಗವನ್ನು ಒಂದೆರಡು ಮಿಲಿಮೀಟರ್ ಸರಿಸಿ ನೋಡಿದಾಗ ಮುಳ್ಳುಗಳ ರೂಪ ಪೂರ್ತಿ ಬದಲಾದರೆ ಅದು ಸ್ಪೆಕಲ್, ಬದಲಾಗದಿದ್ದರೆ ಕಂಪನ. ಲಾರಿಗಳ ಹಿಂಬದಿಗೆ ಅಂಟಿಸುವ ಹೊಳೆಯುವ ಪಟ್ಟಿಯ ಸಣ್ಣ ತುಂಡನ್ನು ಗುರಿಗೆ ಅಂಟಿಸಿದರೆ ಮರಳುವ ಬೆಳಕು ಹೆಚ್ಚಿ ಸಂಕೇತ ಬಹಳಷ್ಟು ಸುಧಾರಿಸುತ್ತದೆ.

ಮೂರನೆಯದು, ಯಾವ ಲಯವೂ ಇಲ್ಲದೆ ಸಂಕೇತ ಒಮ್ಮೆಲೇ ಹಾರುವುದು. ಗುರಿಯಿಂದಲೋ ಮಸೂರದ ಮುಖದಿಂದಲೋ ಬೆಳಕು ನೇರವಾಗಿ ಲೇಸರಿನೊಳಗೇ ಮರಳಿದರೆ ಲೇಸರ್ ಅಸ್ಥಿರವಾಗುತ್ತದೆ. ಡಯೋಡ್ ಲೇಸರಾದರೆ ಮೋಡಿನಿಂದ ಮೋಡಿಗೆ ಜಿಗಿಯುತ್ತದೆ. ಲೇಸರಿನ ಬಾಯಿಯ ಸುತ್ತ ಕಾರ್ಡು ಹಿಡಿದರೆ ಮರಳಿದ ಮಚ್ಚೆ ಕಾಣುತ್ತದೆ, ಮಸೂರವನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಆ ಮಚ್ಚೆ ಪಕ್ಕಕ್ಕೆ ಸರಿಯುತ್ತದೆ. ಈ ಮೂರನ್ನೂ ನೋಡಿದ ಮೇಲೂ ಸಂಕೇತ ಹಾರುತ್ತಿದ್ದರೆ ಲೇಸರಿನ ವಿದ್ಯುತ್ ಪೂರೈಕೆಯನ್ನು ಅನುಮಾನಿಸಬಹುದು. ಕೊಳವೆ ಆಗಾಗ ಆರಿ ಹೊತ್ತುತ್ತಿದ್ದರೆ ಅದು ತಯಾರಕರಿಗೆ ಕಳಿಸುವ ಕೆಲಸ.

ಲಕ್ಷಣ: ಸಂಕೇತ ಚೆನ್ನಾಗಿದೆ, ವೇಗ ಮಾತ್ರ ತಪ್ಪು

ವೇಗವನ್ನು ಎರಡರಿಂದ ಗುಣಿಸಿ ತರಂಗದೂರದಿಂದ ಭಾಗಿಸಿದರೆ ಸಂಕೇತದ ಆವೃತ್ತಿ ಬರುತ್ತದೆ. ಕೆಂಪು ಹೀಲಿಯಮ್–ನಿಯಾನ್ ಬೆಳಕಿನಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರ್ ವೇಗಕ್ಕೆ 3.16 ಕಿಲೋಹರ್ಟ್ಸ್, ಒಂದು ಮೀಟರಿಗೆ 3.16 ಮೆಗಾಹರ್ಟ್ಸ್. ಡಯೋಡಿನ ಆಂಪ್ಲಿಫೈಯರ್ 100 ಕಿಲೋಹರ್ಟ್ಸ್‌ವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡುವುದಾದರೆ ಸೆಕೆಂಡಿಗೆ 32 ಮಿಲಿಮೀಟರ್ ಮೀರಿದ ವೇಗವನ್ನು ಅದು ಕಾಣಲಾರದು. ಕಡಿಮೆ ವೇಗದಲ್ಲಿ ಸರಿಯಾಗಿದ್ದು ಹೆಚ್ಚಿನ ವೇಗದಲ್ಲಿ ಸಂಕೇತ ಸಣ್ಣದಾಗುತ್ತ ಹೋದರೆ ಕಾರಣ ಇದೇ. ವೇಗ ಹೆಚ್ಚಿಸಿದಾಗ ತೋರಿಸುವ ಅಂಕಿ ಇಳಿದರೆ ಕಂಪ್ಯೂಟರಿನ ಕಾರ್ಡು ಸಾಕಷ್ಟು ಬೇಗ ಮಾದರಿಗಳನ್ನು ತೆಗೆದುಕೊಳ್ಳುತ್ತಿಲ್ಲ ಎಂದರ್ಥ.

ಎಲ್ಲ ವೇಗಗಳಲ್ಲೂ ಒಂದೇ ಪ್ರಮಾಣದಲ್ಲಿ ಅಂಕಿ ಕಡಿಮೆಯಿದ್ದರೆ ಕೋನವನ್ನು ಅಳೆಯಬೇಕು. ಕಿರಣದ ದಿಕ್ಕಿನ ವೇಗವನ್ನಷ್ಟೇ ಉಪಕರಣ ಕಾಣುವುದರಿಂದ ಹತ್ತು ಡಿಗ್ರಿ ಓರೆಯಿದ್ದರೆ ಶೇಕಡಾ ಒಂದೂವರೆ, ಇಪ್ಪತ್ತೈದು ಡಿಗ್ರಿ ಓರೆಯಿದ್ದರೆ ಶೇಕಡಾ ಒಂಬತ್ತಕ್ಕಿಂತ ಹೆಚ್ಚು ಕೊರತೆ ಬರುತ್ತದೆ. ಗದಗದ ಬಯಲಿನ ಗಾಳಿಯಂತ್ರದ ರೆಕ್ಕೆಯ ಕಂಪನವನ್ನು ನೆಲದ ಮೇಲಿಂದ ಅಳೆಯುವಂಥ ಕೆಲಸದಲ್ಲಿ ಈ ತಿದ್ದುಪಡಿ ಇಲ್ಲದೆ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಮುಂದೆ ಬರುತ್ತಿದೆಯೋ ಹಿಂದೆ ಹೋಗುತ್ತಿದೆಯೋ ತಿಳಿಯದಿದ್ದರೆ ಅದು ದೋಷವಲ್ಲ. ಸರಳ ಜೋಡಣೆಗೆ ದಿಕ್ಕು ತಿಳಿಯುವುದಿಲ್ಲ, ಅದಕ್ಕೆ ಒಂದು ಕಿರಣದ ಆವೃತ್ತಿಯನ್ನು ಬ್ರಾಗ್ ಕೋಶದಿಂದ (ಶಬ್ದದ ಅಲೆಗಳಿಂದ ಬೆಳಕಿನ ಆವೃತ್ತಿಯನ್ನು ಸರಿಸುವ ಸಾಧನದಿಂದ), ಸಾಮಾನ್ಯವಾಗಿ 40 ಅಥವಾ 80 ಮೆಗಾಹರ್ಟ್ಸ್‌ನಷ್ಟು, ಬದಲಿಸಬೇಕಾಗುತ್ತದೆ.

ಪರೀಕ್ಷೆಗೆ ಹಳೆಯ ಸ್ಪೀಕರು ಸಾಕು. ಅದು 20 ಹರ್ಟ್ಸ್‌ನಲ್ಲಿ ತುದಿಯಿಂದ ತುದಿಗೆ ಹತ್ತು ಮೈಕ್ರೋಮೀಟರ್ ಆಡಿದರೆ ಪ್ರತಿ ಅರ್ಧ ಆವರ್ತಕ್ಕೆ ಸುಮಾರು 32 ಪಟ್ಟಿಗಳು ದಾಟಬೇಕು, ನಡುವಿನಲ್ಲಿ ಸಂಕೇತದ ಆವೃತ್ತಿ ಸುಮಾರು ಎರಡು ಕಿಲೋಹರ್ಟ್ಸ್ ಇರಬೇಕು. ಪಟ್ಟಿಗಳನ್ನು ಎಣಿಸಿ ಪಡೆದ ಚಲನೆಯೂ ಆವೃತ್ತಿಯಿಂದ ಪಡೆದ ವೇಗವೂ ಒಂದಕ್ಕೊಂದು ಹೊಂದಿದರೆ ಉಪಕರಣ ನಂಬಲರ್ಹ.

ಲಕ್ಷಣ: ತಿಂಗಳಿಂದ ತಿಂಗಳಿಗೆ ಬೆಳಕು ಕ್ಷೀಣಿಸುತ್ತಿದೆ

ಬೇಸಿಗೆಯಲ್ಲಿ ಎರೆಮಣ್ಣಿನ ದೂಳು, ಹತ್ತಿ ಗಿರಣಿಗಳ ಸಮೀಪ ನೂಲಿನ ಎಳೆ, ಮಳೆಗಾಲದಲ್ಲಿ ಧಾರವಾಡದ ಬಿಡದ ಜಿಟಿಜಿಟಿಯ ತೇವ, ಇವು ಮಸೂರ ಮತ್ತು ಕನ್ನಡಿಗಳ ಮೇಲೆ ಬೇರೆ ಬೇರೆ ಗುರುತು ಬಿಡುತ್ತವೆ. ಕೋಣೆ ಕತ್ತಲೆ ಮಾಡಿ ಪಕ್ಕದಿಂದ ಟಾರ್ಚು ಹಿಡಿದಾಗ ಬಿಡಿಬಿಡಿ ಹೊಳೆಯುವ ಚುಕ್ಕೆಗಳು ಕಂಡರೆ ದೂಳು. ಅದನ್ನು ರಬ್ಬರ್ ಬುರುಡೆಯಿಂದ ಊದಿ ತೆಗೆಯಬೇಕು, ಬಾಯಿಂದ ಊದಬಾರದು. ಜೇಡರ ಬಲೆಯಂತೆ ಕವಲೊಡೆದ ಗುರುತು ಕಂಡರೆ ಅದು ಬೂಷ್ಟು. ಬೂಷ್ಟು ಲೇಪವನ್ನೇ ಕೊರೆದಿರಬಹುದಾದ್ದರಿಂದ ಆ ಮಸೂರವನ್ನು ಉಳಿದವುಗಳಿಂದ ಬೇರೆ ಇಟ್ಟು, ಎಲ್ಲವನ್ನೂ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ಇಡಬೇಕು.

ಗಟ್ಟಿ ಲೇಪವಿರುವ ಮಸೂರವನ್ನು ಲೆನ್ಸ್ ಕಾಗದದ ಮೇಲೆ ಒಂದು ಹನಿ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಒತ್ತದೆ, ಒಂದೇ ದಿಕ್ಕಿಗೆ ಎಳೆದು ಶುಚಿ ಮಾಡಬಹುದು. ರಕ್ಷಣಾ ಪದರವಿಲ್ಲದ ಅಲ್ಯುಮಿನಿಯಮ್ ಮತ್ತು ಚಿನ್ನದ ಕನ್ನಡಿಗಳನ್ನು ಹೀಗೂ ಮುಟ್ಟಬಾರದು, ಗೀರು ಬೀಳುತ್ತದೆ. ಇಯುವಿ ಕನ್ನಡಿಗೆ ಈ ಭಾಗದ ಯಾವ ಮಾತೂ ಅನ್ವಯಿಸದು: ಅದಕ್ಕೆ ದ್ರವವೂ ಇಲ್ಲ, ಕಾಗದವೂ ಇಲ್ಲ.

ಲಕ್ಷಣ: ಇಯುವಿ ಕನ್ನಡಿಯ ಪ್ರತಿಫಲನ ನಿರೀಕ್ಷೆಗಿಂತ ಕಡಿಮೆ ಬಂದಿದೆ

13.5 ನ್ಯಾನೋಮೀಟರಿನ ಬೆಳಕನ್ನು ಎಲ್ಲ ವಸ್ತುಗಳೂ ಹೀರುತ್ತವೆ. ಒಂದು ಮಿಲಿಮೀಟರ್ ಗಾಳಿಯೇ ಅದನ್ನು ಬಹುತೇಕ ನುಂಗಿಬಿಡುತ್ತದೆ. ಆದ್ದರಿಂದ ಕೆಲಸವೆಲ್ಲ ನಿರ್ವಾತದಲ್ಲಿ. ಕನ್ನಡಿಯು ಮಾಲಿಬ್ಡಿನಮ್ ಮತ್ತು ಸಿಲಿಕಾನ್‌ನ ನಲವತ್ತು ಐವತ್ತು ಜೋಡಿ ಪದರಗಳಿಂದ ಆಗಿದ್ದು, ಒಂದು ಜೋಡಿಯ ದಪ್ಪ ಸುಮಾರು ಏಳು ನ್ಯಾನೋಮೀಟರ್. ಅತ್ಯುತ್ತಮ ಕನ್ನಡಿಯೂ ಶೇಕಡಾ 70ರ ಆಸುಪಾಸಿನಷ್ಟನ್ನೇ ಮರಳಿಸುತ್ತದೆ. ಅಂಥ ಹತ್ತು ಕನ್ನಡಿಗಳನ್ನು ದಾಟಿದ ಬೆಳಕಿನಲ್ಲಿ ಉಳಿಯುವುದು ಶೇಕಡಾ ಮೂರಕ್ಕಿಂತ ಕಡಿಮೆ, ಹಾಗಾಗಿ ಒಂದು ಕನ್ನಡಿಯಲ್ಲಿ ಶೇಕಡಾ ಒಂದೆರಡರ ನಷ್ಟವೂ ಸಣ್ಣದಲ್ಲ.

ಕನ್ನಡಿಯನ್ನು ದೂರುವ ಮೊದಲು ಅಳತೆಯನ್ನು ಪರೀಕ್ಷಿಸಬೇಕು. ಸಿಲಿಕಾನ್ ಫೋಟೋಡಯೋಡು ಸಾಮಾನ್ಯ ಬೆಳಕನ್ನೂ ಗ್ರಹಿಸುವುದರಿಂದ ಅದರ ಮುಂದೆ ಜಿರ್ಕೋನಿಯಮ್‌ನ ತೆಳುಹಾಳೆ ಇಡುತ್ತಾರೆ. ಆ ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಅಂಕಿಗಳು ಕೆಡುತ್ತವೆ. ಬೆಳಕಿನ ಮೂಲದ ಏರಿಳಿತವನ್ನು ಜೊತೆಯಲ್ಲೇ ದಾಖಲಿಸಿದ್ದಾರೆಯೇ, ಕಿರಣ ಪೂರ್ತಿಯಾಗಿ ಮಾದರಿಯ ಮೇಲೆ ಬಿದ್ದಿತ್ತೇ ಎಂಬುದನ್ನು ಅಳೆದವರಿಂದ ಕೇಳಿ ತಿಳಿಯಬೇಕು. ನಮ್ಮ ದೇಶದಲ್ಲಿ ಈ ಅಳತೆಗೆ ಇಂದೋರಿನ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರದ ಇಂಡಸ್-1 ಸಿಂಕ್ರೊಟ್ರಾನ್ (ಸುತ್ತುವ ಎಲೆಕ್ಟ್ರಾನುಗಳಿಂದ ಇಂಥ ಬೆಳಕು ಪಡೆಯುವ ಯಂತ್ರ) ಇದೆ. ಅಲ್ಲಿಗೆ ಮಾದರಿ ಕಳಿಸುವಾಗ ಅದೇ ಲೇಪನದಲ್ಲಿ ತಯಾರಾದ ಇನ್ನೊಂದು ತುಣುಕನ್ನು ಒಣ ಡಬ್ಬಿಯಲ್ಲಿ ಇಲ್ಲೇ ಉಳಿಸಿಕೊಳ್ಳಬೇಕು. ಈ ಸಾಕ್ಷಿ ತುಣುಕು ಇಲ್ಲದಿದ್ದರೆ ದೋಷ ಲೇಪಿಸುವಾಗಲೇ ಬಂದದ್ದೋ ದಾರಿಯಲ್ಲಿ ಬಂದದ್ದೋ ಹೇಳಲು ಆಗುವುದಿಲ್ಲ.

ಎರಡೂ ತುಣುಕುಗಳಲ್ಲಿ ಪ್ರತಿಫಲನ ಕಡಿಮೆಯಿದ್ದರೆ ದೋಷ ಪದರಗಳೊಳಗಿದೆ. ತಾಮ್ರದ 0.154 ನ್ಯಾನೋಮೀಟರ್ ಎಕ್ಸ್-ಕಿರಣವನ್ನು ಮೇಲ್ಮೈಗೆ ಸವರಿದಂತೆ ಬಿಟ್ಟು ಪ್ರತಿಫಲನದ ರೇಖೆ ತೆಗೆದರೆ ಅದು ಗೊತ್ತಾಗುತ್ತದೆ. ಶಿಖರಗಳೆಲ್ಲ ಒಟ್ಟಿಗೆ ಪಕ್ಕಕ್ಕೆ ಸರಿದಿದ್ದರೆ ಜೋಡಿಯ ದಪ್ಪ ಬದಲಾಗಿದೆ. ಮೊದಲ ಶಿಖರ ಚೆನ್ನಾಗಿದ್ದು ಮುಂದಿನವು ಬೇಗ ಕುಗ್ಗಿದ್ದರೆ ಪದರಗಳ ಗಡಿ ಒರಟಾಗಿದೆ, ಇಲ್ಲವೇ ಎರಡೂ ವಸ್ತುಗಳು ಬೆರೆತು ಸಿಲಿಸೈಡ್ ಆಗಿದೆ. ಶಿಖರಗಳು ಅಗಲವಾಗಿ ಸೀಳಿದ್ದರೆ ಲೇಪನ ಸಾಗುತ್ತಿದ್ದಂತೆ ದಪ್ಪ ನಿಧಾನವಾಗಿ ತಪ್ಪುತ್ತ ಹೋಗಿದೆ.

ಕಳಿಸಿದ ತುಣುಕಿನಲ್ಲಿ ಮಾತ್ರ ಕಡಿಮೆಯಿದ್ದರೆ ದೋಷ ಮೇಲ್ಮೈಯದು. ಕಿರಣ ಬಿದ್ದ ಜಾಗದಲ್ಲಷ್ಟೇ ಕಂದು ಮಚ್ಚೆಯಿದ್ದರೆ ಅದು ಇಂಗಾಲ: ಪಂಪಿನ ಎಣ್ಣೆ, ಗ್ರೀಸು ಅಥವಾ ಕೈಬೆರಳಿನ ಜಿಡ್ಡಿನ ಆವಿಯನ್ನು ಇಯುವಿ ಬೆಳಕೇ ಒಡೆದು ಅಲ್ಲಿ ಕೂರಿಸಿದೆ. ಇದನ್ನು ಪರಮಾಣು ಹೈಡ್ರೋಜನ್ನಿನಿಂದ ತೆಗೆಯಬಹುದು, ಆದರೆ ಅದು ಆ ಸೌಲಭ್ಯವಿರುವ ಕೇಂದ್ರದಲ್ಲೇ ಆಗಬೇಕು. ಮಚ್ಚೆ ಕಾಣದೆ ನಷ್ಟವಾಗಿದ್ದರೆ ಉಳಿದ ನೀರಾವಿಯಿಂದ ಮೇಲ್ಪದರ ಆಕ್ಸೈಡ್ ಆಗಿರುವ ಸಾಧ್ಯತೆ ಹೆಚ್ಚು. ಅದನ್ನು ಹಿಂದಿರುಗಿಸುವುದು ಕಷ್ಟ, ಮುಂದಿನ ಲೇಪನದಲ್ಲಿ ಎರಡು ಮೂರು ನ್ಯಾನೋಮೀಟರಿನ ರುಥೇನಿಯಮ್ ಮೇಲ್ಪದರ ಸೇರಿಸುವುದೇ ದಾರಿ. ಕಣ್ಣಿಗೆ ಫಳಫಳ ಹೊಳೆಯುವುದರಿಂದ ಕನ್ನಡಿ ಚೆನ್ನಾಗಿದೆ ಎಂದು ತೀರ್ಮಾನಿಸಬಾರದು. ಕಣ್ಣು ಕಾಣುವ ಬೆಳಕಿಗೂ ಇದಕ್ಕೂ ಸಂಬಂಧವಿಲ್ಲ.

ಲಕ್ಷಣ: ಪ್ರತಿಫಲನ ಸಾಕಷ್ಟಿದೆ, ಶಿಖರ ಮಾತ್ರ ಬೇರೆ ತರಂಗದೂರದಲ್ಲಿದೆ

ಅಳೆಯುವಾಗ ಕನ್ನಡಿಯನ್ನು ಯಾವ ಕೋನದಲ್ಲಿ ಇಟ್ಟಿದ್ದರು ಎಂದು ಮೊದಲು ಕೇಳಬೇಕು. ಲಂಬದಿಂದ ಐದು ಡಿಗ್ರಿಯಲ್ಲಿ ಇಡಬೇಕಾದದ್ದನ್ನು ಹತ್ತರಲ್ಲಿ ಇಟ್ಟರೆ ಶಿಖರ ಸುಮಾರು 0.15 ನ್ಯಾನೋಮೀಟರಿನಷ್ಟು ಕಡಿಮೆ ತರಂಗದೂರಕ್ಕೆ ಸರಿಯುತ್ತದೆ. ಶಿಖರದ ಅಗಲವೇ ಅರ್ಧ ನ್ಯಾನೋಮೀಟರಿನಷ್ಟಿರುವಾಗ ಇದು ದೊಡ್ಡ ವ್ಯತ್ಯಾಸ. ಕೋನ ಸರಿಯಿದ್ದರೆ ದಪ್ಪ ತಪ್ಪಿದೆ. ಶೇಕಡಾ ಒಂದರಷ್ಟು ತಪ್ಪಿದರೆ ಶಿಖರವೂ ಶೇಕಡಾ ಒಂದರಷ್ಟು ಸರಿಯುತ್ತದೆ. ಮೊದಲು ಸರಿಯಿದ್ದ ಕನ್ನಡಿ ಕಾದ ಮೇಲೆ ಕಡಿಮೆ ತರಂಗದೂರಕ್ಕೆ ಸರಿದಿದ್ದರೆ ಪದರಗಳು ಬೆರೆತು ಕುಗ್ಗಿವೆ, ಅದಕ್ಕೆ ದುರಸ್ತಿಯಿಲ್ಲ.

ಲಕ್ಷಣ: ಲೇಪ ಅಂಚಿನಿಂದ ಏಳುತ್ತಿದೆ

ಲೇಪ ಬಿಗಿತದಿಂದ ತಾನೇ ಸಿಡಿಯುತ್ತಿದೆ ಅಥವಾ ಕೆಳಗಿನ ಗಾಜನ್ನು ಸರಿಯಾಗಿ ತೊಳೆದಿರಲಿಲ್ಲ. ಆ ತುಣುಕನ್ನು ನಿರ್ವಾತ ಕೋಣೆಗೆ ಮತ್ತೆ ಹಾಕಬಾರದು, ಸಿಪ್ಪೆಗಳು ಉಳಿದ ಕನ್ನಡಿಗಳನ್ನೂ ಕೆಡಿಸುತ್ತವೆ.

ಹೊರಗಿನ ನೆರವು ಕೇಳುವಾಗ

ಲೇಸರಿನ ಹೈವೋಲ್ಟೇಜ್ ಪೆಟ್ಟಿಗೆಯಿಂದ ಚಟಚಟ ಸದ್ದು ಅಥವಾ ಸುಟ್ಟ ವಾಸನೆ ಬಂದರೆ, ನಿರ್ವಾತ ಕೋಣೆಯ ಗಾಜಿನ ಕಿಟಕಿಯಲ್ಲಿ ಬಿರುಕು ಕಂಡರೆ, ಯಾರ ಕಣ್ಣಿಗಾದರೂ ಕಿರಣ ತಾಗಿದ ಅನುಮಾನ ಬಂದರೆ ಪರೀಕ್ಷೆ ಮುಂದುವರಿಸಬಾರದು. ಕೊನೆಯದಕ್ಕೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಉಪಕರಣವನ್ನು ದುರಸ್ತಿಗೆ ಕಳಿಸುವಾಗ ಯಾವ ಪರೀಕ್ಷೆ ಯಾವ ಕ್ರಮದಲ್ಲಿ ಮಾಡಲಾಯಿತು, ಪ್ರತಿಯೊಂದರಲ್ಲಿ ಏನು ಕಂಡಿತು, ಆ ದಿನದ ಕೋಣೆಯ ತಾಪ ಮತ್ತು ತೇವ ಎಷ್ಟಿತ್ತು ಎಂದು ಒಂದು ಹಾಳೆಯಲ್ಲಿ ಬರೆದು, ಆಸಿಲೋಸ್ಕೋಪಿನ ಚಿತ್ರವನ್ನು ಜೊತೆಗಿಡಬೇಕು. ಇಯುವಿ ಕನ್ನಡಿಯಾದರೆ ಲೇಪಿಸಿದ ದಿನಾಂಕ, ಪ್ರತಿ ಪದರದ ಉದ್ದೇಶಿತ ದಪ್ಪ, ಡಬ್ಬಿ ಎಷ್ಟು ಬಾರಿ ತೆರೆಯಲಾಗಿದೆ ಎಂಬುದನ್ನೂ ಸೇರಿಸಿ, ಒಣ ನೈಟ್ರೋಜನ್ ತುಂಬಿ ಮುಚ್ಚಿದ ಡಬ್ಬಿಯಲ್ಲಿ ಅಂಚುಗಳನ್ನಷ್ಟೇ ಹಿಡಿದಿಟ್ಟು ಕಳಿಸಬೇಕು. ಮಳೆಗಾಲದಲ್ಲಾದರೆ ಆ ಡಬ್ಬಿಯನ್ನು ಸಿಲಿಕಾ ಜೆಲ್ ಹಾಕಿದ ಎರಡನೆಯ ಡಬ್ಬಿಯೊಳಗೆ ಇಡುವುದು ಅಗತ್ಯ.